ಕಾಣುವ ಕವರು, ಕಾಣದ ಬಕೆಟ್ಟು

ಹನ್ನೊಂದು ವರ್ಷದಿಂದ ಕಸ ಬೇರ್ಪಡಿಸುತ್ತಿರುವ ನನಗೆ, ಕಸ ಬೇರ್ಪಡಿಸುವುದು ಹೇಗೆ ಎಂದು ಒಂದು ಶನಿವಾರ ಸಂಜೆ ಒಂದೂವರೆ ಗಂಟೆ ಪಾಠ ಮಾಡಿದರು. ನಾನೂ ನನ್ನ ನಾದಿನಿಯೂ ಹಿಂದಿನ ಗೋಡೆಗೆ ಒರಗಿ ನಿಂತುಕೊಂಡೇ ಕೇಳಿದೆವು. ಕುರ್ಚಿಗಳು ಕಸ ಮಾಡುವವರಿಗೆ ಮಾತ್ರ ಸಾಕಾಗಿದ್ದವು.

ಪಾಠ ಮಾಡಿದವರು ಮೂರನೇ ಮಹಡಿಯ ಮೇಡಂ. ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತರಾದವರು. ಅವರು ನಿವೃತ್ತರಾದರೂ ಪಾಠಕ್ಕೆ ನಿವೃತ್ತಿ ಸಿಕ್ಕಿರಲಿಲ್ಲ. ನಾವಿಬ್ಬರು ಅವರಿಗೆ ಪಾಠದಮ್ಮ ಎಂದು ಹೆಸರಿಟ್ಟಿದ್ದೆವು. ನಮಗೆ ಇಡೀ ಕಟ್ಟಡವೇ ಸೇರಿ ಹೆಸರಿಟ್ಟಿತ್ತು, ಕಸದವರು ಅಂತ. ನಾಲ್ಕು ಮಹಡಿ, ಮೂವತ್ತೆರಡು ಮನೆ. ಕಸ ಮಾಡುವವರು ನೂರಾ ಹತ್ತು ಜನ, ಕಸದವರು ಮಾತ್ರ ನಾವಿಬ್ಬರು. ಎಂಥಾ ಲೆಕ್ಕ ನೋಡಿ.

ಸುಮ್ಮನೆ ಹೇಳಬಾರದು, ಪಾಠದಮ್ಮ ಹೇಳಿದ್ದೆಲ್ಲ ಸರಿಯಾಗಿಯೇ ಇತ್ತು. ಹಸಿ ಕಸ ಬೇರೆ ಇಟ್ಟರೆ ಗೊಬ್ಬರವಾಗುತ್ತದೆ, ಒಣ ಕಸಕ್ಕೆ ಬೆರೆತರೆ ಎರಡೂ ಕೆಡುತ್ತವೆ. ಹಾಲಿನ ಪ್ಯಾಕೆಟನ್ನು ತೊಳೆದು ಒಣಗಿಸಿ ಕೊಡಬೇಕು. ಎಣ್ಣೆ ಹತ್ತಿದ ಕಾಗದವನ್ನು ಒಳ್ಳೆಯ ಕಾಗದದ ಜೊತೆ ಸೇರಿಸಬಾರದು. ಸಿಪ್ಪೆಯನ್ನು ಸಣ್ಣಗೆ ಹೆಚ್ಚಿ ಹಾಕಿದರೆ ಬೇಗ ಕೊಳೆಯುತ್ತದೆ. ಇಂದು ನೀವು ಎಸೆದ ಪ್ಲಾಸ್ಟಿಕ್ ಚಮಚ ನಿಮ್ಮ ಮೊಮ್ಮಕ್ಕಳ ಮೊಮ್ಮಕ್ಕಳನ್ನೂ ನೋಡಿಯೇ ಸಾಯುತ್ತದೆ ಎಂದಾಗ ಮುಂದಿನ ಸಾಲಿನ ಒಬ್ಬಾಕೆ ಕಣ್ಣೊರೆಸಿಕೊಂಡಳು. ಅವಳ ಮನೆಯಿಂದ ವಾರಕ್ಕೆ ನಲವತ್ತು ಪ್ಲಾಸ್ಟಿಕ್ ಚಮಚ ಬರುತ್ತವೆ. ಎಣಿಸಿದವಳು ನಾನೇ.

ಕೊನೆಯಲ್ಲೊಂದು ಚಿತ್ರ ಬಂತು. ಸೂಜಿ, ಬ್ಲೇಡು, ಒಡೆದ ಗಾಜು ಇವನ್ನೆಲ್ಲ ಮುಚ್ಚಳವಿರುವ ಗಟ್ಟಿ ಬಾಟಲಿಯಲ್ಲಿ ತುಂಬಿ, ಮೇಲೆ ಕೆಂಪು ಗುರುತು ಹಾಕಿ ಬೇರೆಯಾಗಿ ಕೊಡಬೇಕು ಎಂದು ಅದರಲ್ಲಿ ಬರೆದಿತ್ತು. ಬೇರೆ ಚಿತ್ರಗಳಿಗೆ ಐದೈದು ನಿಮಿಷ ಕೊಟ್ಟ ಪಾಠದಮ್ಮ ಇದನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ದಾಟಿಸಿಬಿಟ್ಟರು. ಎಲ್ಲರೂ ತಲೆಯಾಡಿಸಿದರು. ತಲೆಯಾಡಿಸುವುದರಲ್ಲಿ ಆ ಕಟ್ಟಡವನ್ನು ಮೀರಿಸುವವರಿಲ್ಲ.

ಆಮೇಲೆ ನಮ್ಮಿಬ್ಬರನ್ನೂ ಮುಂದಕ್ಕೆ ಕರೆದು, ದಪ್ಪ ರಬ್ಬರಿನ ಕೈಗವಸು ತೊಡಿಸಿ ಫೋಟೊ ತೆಗೆದರು. ಫೋಟೊ ಮುಗಿದದ್ದೇ ತಡ, ಕಟ್ಟಡದ ಸಂಘದ ಕಾರ್ಯದರ್ಶಿ ಕೈಗವಸು ಬಿಚ್ಚಿಸಿಕೊಂಡು ಕಪಾಟಿನಲ್ಲಿಟ್ಟು ಬೀಗ ಹಾಕಿದರು.

"ಮಾದರಿ ಕಟ್ಟಡದ ಸ್ಪರ್ಧೆಗೆ ತೀರ್ಪುಗಾರರು ಬರ್ತಾರಲ್ಲ, ಆವಾಗ ಹಾಕ್ಕೊಳ್ಳೋದಕ್ಕೆ. ಈಗಲೇ ಕೊಳೆ ಮಾಡ್ಬಿಟ್ರೆ ಹೇಗೆ?" ಎಂದರು.

ಹೌದಲ್ಲ, ಕಸ ಎತ್ತಿದರೆ ಕೈಗವಸು ಕೊಳೆಯಾಗುತ್ತದೆ. ನಮಗೆ ಇಷ್ಟೂ ಹೊಳೆದಿರಲಿಲ್ಲ.

ಪಾಠದ ಜೊತೆಗೆ ಒಂದು ಹೊಸ ನಿಯಮವೂ ಬಂತು. ಇನ್ನು ಮೇಲೆ ಒಣ ಕಸವನ್ನು ಒಳಗಿದ್ದದ್ದು ಹೊರಗೆ ಕಾಣುವ ಕವರಿನಲ್ಲಿ ತುಂಬಿ, ಮನೆಯ ನಂಬರು ಅಂಟಿಸಿ, ಬೆಳಿಗ್ಗೆ ಏಳರಿಂದ ಎಂಟರವರೆಗೆ ಬಾಗಿಲ ಹಿಡಿಗೆ ತೂಗುಹಾಕಬೇಕು. ಓಡಾಡುವವರೆಲ್ಲ ನೋಡಬಹುದು. ನಾಚಿಕೆಯಿಂದಲಾದರೂ ಜನ ತಿದ್ದಿಕೊಳ್ಳುತ್ತಾರೆ ಎನ್ನುವುದು ಪಾಠದಮ್ಮನ ಲೆಕ್ಕ.

ತಿದ್ದಿಕೊಂಡರು, ಸುಳ್ಳಲ್ಲ. ಒಂದೇ ವಾರದಲ್ಲಿ ಒಣ ಕಸ ಪ್ರದರ್ಶನಕ್ಕಿಟ್ಟ ಹಾಗೆ ಥಳಥಳ ಹೊಳೆಯತೊಡಗಿತು. ತೊಳೆದ ಡಬ್ಬಿ, ಮಡಿಸಿದ ಪತ್ರಿಕೆ, ದಾರ ಕಟ್ಟಿದ ರಟ್ಟು. ಎರಡನೇ ಮಹಡಿಯವರ ಕವರಿನಲ್ಲಿ ಒಂದು ಪರದೇಶದ ಚಾಕೊಲೇಟ್ ಡಬ್ಬಿ ಮೂರು ವಾರ ಕಾಣಿಸಿಕೊಂಡಿತು. ದಿನಾ ಎಂಟು ಗಂಟೆಗೆ ಅದನ್ನು ಮೆಲ್ಲಗೆ ಒಳಗೆ ತೆಗೆದುಕೊಂಡು, ಮರುದಿನ ಏಳಕ್ಕೆ ಮತ್ತೆ ತೂಗುಹಾಕುತ್ತಿದ್ದರು.

ಆದರೆ ಮನುಷ್ಯ ಎಂದಮೇಲೆ ತೋರಿಸಲಾಗದ ಕಸವೂ ಇರುತ್ತದಲ್ಲ. ಅದೆಲ್ಲಿಗೆ ಹೋಗಬೇಕು? ಹಸಿ ಕಸಕ್ಕೆ ಇದ್ದದ್ದು ಮುಚ್ಚಳದ ಹಸಿರು ಬಕೆಟ್ಟು. ಒಳಗೇನಿದೆ ಎಂದು ಯಾರಿಗೂ ಕಾಣುವುದಿಲ್ಲ, ನಮಗಿಬ್ಬರಿಗೆ ಬಿಟ್ಟು. ನಮ್ಮನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲವಾದ್ದರಿಂದ ಅದೂ ಸರಿಯೇ. ಹೀಗೆ ಮೂವತ್ತೆರಡು ಮನೆಯ ಗುಟ್ಟೆಲ್ಲ ತರಕಾರಿ ಸಿಪ್ಪೆಯ ಕೆಳಗೆ ಬಂದು ಮಲಗಿತು. ತಲೆಗೆ ಬಣ್ಣ ಹಚ್ಚುವ ಡಬ್ಬಿ, ಮದ್ಯದ ಬಾಟಲಿ, ಹರಿದ ಅಂಕಪಟ್ಟಿ, 'ಮನೇಲೇ ಮಾಡಿದ್ದು' ಎಂದು ನೆಂಟರಿಗೆ ಬಡಿಸಿದ ಹೋಟೆಲ್ ಊಟದ ಪೊಟ್ಟಣ. ಕಟ್ಟಡದ ಹಿಂದಿನ ಶೆಡ್ಡಿನಲ್ಲಿ ಅದನ್ನೆಲ್ಲ ಸುರಿದುಕೊಂಡು, ಬರಿಗೈಯಲ್ಲಿ ಹೆಕ್ಕಿ, ಉಳಿದದ್ದನ್ನು ಗೊಬ್ಬರದ ಗುಂಡಿಗೆ ತಳ್ಳುವುದು ನಮ್ಮ ಕೆಲಸ.

"ಅತ್ತಿಗೆ, ಮುಂಚೆ ಕಸ ಮಾತ್ರ ಬೇರೆ ಮಾಡ್ತಿದ್ವಿ. ಈಗ ಜನರನ್ನೂ ಬೇರೆ ಮಾಡ್ಬಹುದು" ಎನ್ನುತ್ತಿದ್ದಳು ನಾದಿನಿ. ಅವಳಿಗೆ ಎಲ್ಲದಕ್ಕೂ ನಗು. ಆರು ತಿಂಗಳ ಕೂಸನ್ನು ನಮ್ಮತ್ತೆಯ ಬಳಿ ಬಿಟ್ಟು ಬರುತ್ತಿದ್ದಳು. ಹತ್ತು ಗಂಟೆಗೆ ಓಡಿಹೋಗಿ ಹಾಲು ಕುಡಿಸಿ ಬರುತ್ತಿದ್ದಳು.

ಆ ಮಂಗಳವಾರ ಹತ್ತಕ್ಕೆ ಇನ್ನೂ ಕಾಲು ಗಂಟೆ ಇತ್ತು. "ಸ್ಸ್" ಎಂದಳು. ತಿರುಗಿ ನೋಡಿದರೆ ಬಲಗೈಯ ನಡುಬೆರಳಿನಲ್ಲಿ ಇಂಜೆಕ್ಷನ್ ಸೂಜಿ ನೆಟ್ಟಗೆ ನಿಂತಿದೆ. ಒದ್ದೆ ಕಾಗದದಲ್ಲಿ ಸುತ್ತಿದ ಪೊಟ್ಟಣ ಬಿಚ್ಚಿಕೊಂಡು, ಸಿಪ್ಪೆಯ ನಡುವೆ ಇನ್ನೂ ಮೂರು ಸೂಜಿ ಬಿದ್ದಿದ್ದವು. ಅವಳು ಆಗಲೂ ನಗಲು ನೋಡಿದಳು. ನಾನು ಸೂಜಿ ಕಿತ್ತು, ಅವಳನ್ನು ಎಳೆದುಕೊಂಡು ಆಸ್ಪತ್ರೆಗೆ ಓಡಿದೆ.

ಆಸ್ಪತ್ರೆಯ ಡಾಕ್ಟರಮ್ಮ ಬೆರಳು ತೊಳೆಸಿ, ಕಟ್ಟು ಹಾಕಿಸಿ, ಎದುರಿಗೆ ಕೂರಿಸಿಕೊಂಡು ಹೇಳಿದರು: "ಯಾರಿಗೆ ಚುಚ್ಚಿದ ಸೂಜಿ ಅಂತ ಗೊತ್ತಾದ್ರೆ ಅವರ ರಕ್ತ ಪರೀಕ್ಷೆ ಮಾಡ್ತೀವಿ. ಅವರಿಗೆ ಕೆಟ್ಟ ಕಾಯಿಲೆ ಏನೂ ಇಲ್ಲ ಅಂದ್ರೆ ನಾಳೆಗೇ ಇದೆಲ್ಲ ಮುಗಿದುಹೋಗುತ್ತೆ. ಗೊತ್ತಾಗ್ಲಿಲ್ಲ ಅಂದ್ರೆ ಒಂದು ತಿಂಗಳು ಮಾತ್ರೆ, ಆಮೇಲೂ ತಿಂಗಳುಗಟ್ಟಲೆ ಪರೀಕ್ಷೆ. ಅಲ್ಲೀವರೆಗೂ ಮಗೂಗೆ ನಿಮ್ಮ ಹಾಲು ಬೇಡ."

"ಅದು ಬಾಟಲಿ ಬಾಯಿಗೇ ಇಟ್ಕೊಳ್ಳಲ್ಲ ಡಾಕ್ಟ್ರೇ" ಎಂದಳು ನಾದಿನಿ.

"ಅಭ್ಯಾಸ ಮಾಡಿಸ್ಬೇಕಮ್ಮ" ಎಂದರು. ಅವರ ತಪ್ಪೇನು, ಇರುವುದನ್ನು ಹೇಳಿದರು.

ಅಭ್ಯಾಸವಾಗಲಿಲ್ಲ. ಕೂಸು ಗಂಟಲು ಕಟ್ಟುವ ತನಕ ಅತ್ತಿತು. ಅತ್ತೆ ಚಮಚದಲ್ಲಿ ಹಾಕಿದ್ದನ್ನೆಲ್ಲ ಉಗುಳಿತು. ನಾದಿನಿ ಎದೆಯಲ್ಲಿ ಹಾಲು ಕಟ್ಟಿಕೊಂಡು, ನೋವು ತಡೆಯಲಾರದೆ, ಹಿಂಡಿ ಬಚ್ಚಲಿಗೆ ಚೆಲ್ಲಿದಳು. ಅದು ಹಸಿ ಕಸವೋ ಒಣ ಕಸವೋ ಎಂದು ಪಾಠದಮ್ಮ ಹಂಚಿದ ಹಾಳೆಯಲ್ಲಿ ಬರೆದಿರಲಿಲ್ಲ.

ನಾನು ಸೀದಾ ಕಾರ್ಯದರ್ಶಿಯ ಹತ್ತಿರ ಹೋದೆ. ಅವರು ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡು, "ಛೆ ಛೆ, ಪಾಪ" ಎಂದರು. ಪಾಪ ಎನ್ನಲು ಖರ್ಚೇನಿಲ್ಲವಲ್ಲ.

"ಯಾರ ಮನೇಲಿ ಇಂಜೆಕ್ಷನ್ ತಗೊಳ್ತಾರೆ ಅಂತ ಒಂದು ಮಾತು ಕೇಳಿ ಹೇಳಿ ಸಾರ್. ಅಷ್ಟೇ ಸಾಕು."

"ನೋಡಮ್ಮ, ಈ ಭಾನುವಾರ ತೀರ್ಪುಗಾರರು ಬರ್ತಿದ್ದಾರೆ. ಇಂಥ ಹೊತ್ತಲ್ಲಿ ಸೂಜಿ ಗೀಜಿ ಅಂತ ಸುದ್ದಿ ಎಬ್ಬಿಸ್ಬೇಡ. ನಮ್ಮ ಕಟ್ಟಡದಲ್ಲಿ ಯಾರಿಗೂ ಅಂಥದ್ದೇನಿಲ್ಲ. ಬೀದೀಲಿ ಹೋಗೋರು ಯಾರೋ ಎಸೆದಿರ್ಬೇಕು."

"ಬೀದೀಲಿ ಹೋಗೋರು ಬಂದು, ನಿಮ್ಮ ಬಕೆಟ್ ಮುಚ್ಚಳ ತೆಗೆದು, ಸಿಪ್ಪೆ ಕೆಳಗಿಟ್ಟು, ಮತ್ತೆ ಮುಚ್ಚಳ ಹಾಕಿ ಹೋದ್ರಾ ಸಾರ್?"

"ಈಗಿನ ಕಾಲದಲ್ಲಿ ಏನು ಬೇಕಾದ್ರೂ ಆಗುತ್ತೆ" ಎಂದು ಬಾಗಿಲು ಹಾಕಿಕೊಂಡರು. ಹಾಗಂತ ಅವರು ಸುಮ್ಮನೆ ಕೂತರು ಎನ್ನಬೇಡಿ. ಅರ್ಧ ಗಂಟೆಯಲ್ಲಿ ಮೆಟ್ಟಿಲ ಬಳಿಯ ಫಲಕಕ್ಕೆ ತಮ್ಮ ಗುಂಡುಗುಂಡು ಅಕ್ಷರದಲ್ಲಿ ಒಂದು ಸೂಚನೆ ಬರೆದು ಅಂಟಿಸಿದರು: 'ನಮ್ಮ ಕಟ್ಟಡದಲ್ಲಿ ಸೂಜಿ ಇಲ್ಲ. ನಿವಾಸಿಗಳು ಆತಂಕಪಡಬಾರದು.' ನಿವಾಸಿಗಳ ಆತಂಕ ಹೀಗೆ ಪರಿಹಾರವಾಯಿತು.

ನನಗೆ ಮೈಯೆಲ್ಲ ಉರಿಯಿತು. ಯಾರೂ ಹೇಳದಿದ್ದರೆ ಕಸವೇ ಹೇಳಲಿ ಎಂದುಕೊಂಡು ಶೆಡ್ಡಿಗೆ ಬಂದು ಕುಕ್ಕರುಗಾಲಲ್ಲಿ ಕೂತೆ. ಸೂಜಿ ಸಿಕ್ಕ ಗುಡ್ಡೆ ಹಾಗೆಯೇ ಇತ್ತು. ಸುತ್ತಿದ್ದ ಕಾಗದ ಪಾಠದ ದಿನ ಹಂಚಿದ ಹಾಳೆ. ಅದು ಮೂವತ್ತೆರಡು ಮನೆಗೂ ಹೋಗಿದೆ, ಅದರಿಂದ ಏನೂ ತಿಳಿಯದು. ಕಾಗದ ಬಿಟ್ಟು ಸಿಪ್ಪೆ ನೋಡಿದೆ. ಸೌತೆಕಾಯಿ, ಕ್ಯಾರೆಟ್ಟು, ಎಲೆಕೋಸಿನ ದಂಟು ಎಲ್ಲವೂ ಉಗುರಿನಷ್ಟು ಸಣ್ಣಗೆ, ಒಂದೇ ಅಳತೆಗೆ ಹೆಚ್ಚಿದ್ದವು.

ಸಿಪ್ಪೆ ಹೆಚ್ಚಿ ಹಾಕಿ ಎಂದು ಪಾಠದಲ್ಲಿ ಹೇಳಿದಾಗ ಮೂವತ್ತೆರಡು ಮನೆಯವರೂ ತಲೆಯಾಡಿಸಿದ್ದರು. ಸಿಪ್ಪೆಯನ್ನು ನಿಜವಾಗಿ ಸಣ್ಣಗೆ ಹೆಚ್ಚಿ ಹಾಕುತ್ತಿದ್ದದ್ದು ಒಂದೇ ಮನೆ. ಇಡೀ ಕಟ್ಟಡದಲ್ಲಿ ಪಾಠದಮ್ಮನ ಮಾತನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದವರು ಪಾಠದಮ್ಮ ಒಬ್ಬರೇ.

ಸಂಜೆ ಅವರ ಬಾಗಿಲು ತಟ್ಟಿದೆ. ಒಬ್ಬರೇ ಇರುವ ಮನೆ, ಕನ್ನಡಿಯಂಥ ನೆಲ. ಅಡುಗೆಮನೆಯಲ್ಲಿ ಹಸಿರು, ನೀಲಿ, ಕೆಂಪು ಮೂರು ಡಬ್ಬಿ ಸಾಲಾಗಿ ಕಾಣುತ್ತಿದ್ದವು. ಕೆಂಪು ಡಬ್ಬಿಯ ಮೇಲಿನ ಅಂಗಡಿಯ ಚೀಟಿಯನ್ನು ಇನ್ನೂ ಕಿತ್ತಿರಲಿಲ್ಲ.

"ಮೇಡಂ, ಸೂಜಿ ನಿಮ್ಮ ಮನೇದು" ಎಂದೆ.

ಮುಖ ಬಿಳುಚಿತು. ದನಿ ಮಾತ್ರ ತರಗತಿಯ ದನಿಯೇ. "ಏನು ಮಾತಾಡ್ತಿದ್ದೀಯ? ನನಗೆ ಇದ್ದ ಸಕ್ಕರೆ ಕಾಯಿಲೆ ಮೂರು ವರ್ಷದ ಹಿಂದೆಯೇ ಹೋಯ್ತು. ನಡಿಗೆ, ಹಸಿ ತರಕಾರಿ. ಅಷ್ಟರಲ್ಲೇ ಹೋಯ್ತು. ಬೇಕಾದ್ರೆ ಯಾರನ್ನಾದ್ರೂ ಕೇಳು."

ಕೇಳಬೇಕಾಗಿರಲಿಲ್ಲ. ಅದರ ಮೇಲೂ ಅವರು ಎರಡು ಪಾಠ ಮಾಡಿದ್ದರು. ಅರ್ಧ ಕಟ್ಟಡ ಅವರ ಹಿಂದೆ ಕೈಬೀಸಿಕೊಂಡು ನಡೆಯುತ್ತಿತ್ತು.

"ನಿಮ್ಮ ಕಾಯಿಲೆ ಕಟ್ಕೊಂಡು ನನಗೇನಾಗ್ಬೇಕು ಮೇಡಂ? ಒಂದು ಚೂರು ರಕ್ತ ಕೊಡಿ. ಕೂಸು ಬೆಳಿಗ್ಗೆಯಿಂದ ಹಾಲು ಕುಡಿದಿಲ್ಲ."

"ಕೈಗವಸು ಹಾಕ್ಕೊಂಡು ಕೆಲಸ ಮಾಡ್ಬೇಕು ಅಂತ ನಾನು ಪಾಠದಲ್ಲಿ ಹೇಳಿದ್ದೆ" ಎಂದು, ಸದ್ದಾಗದ ಹಾಗೆ ಬಾಗಿಲು ಮುಚ್ಚಿದರು. ಅಬ್ಬಾ! ಆ ಬಾಗಿಲಿಗೆ ಒದೆಯಬೇಕು ಎನ್ನಿಸಿತು. ಒದ್ದರೆ ಇದ್ದ ಒಂದು ದಾರಿಯೂ ಮುಚ್ಚುತ್ತದೆ ಎಂದು ಹಲ್ಲು ಕಚ್ಚಿಕೊಂಡು ಇಳಿದೆ.

ಬುಧವಾರ ಬೆಳಿಗ್ಗೆ ಏಳಕ್ಕೆ, ಕಟ್ಟಡದ ಮುಂದಿನ ಅಂಗಳದ ನಟ್ಟನಡುವೆ ಹಳೆಯದೊಂದು ಬಿಳಿ ಹೊದಿಕೆ ಹಾಸಿ, ಪಕ್ಕದಲ್ಲಿ ಕೈಕಟ್ಟಿ ನಿಂತೆ. ಕಾರ್ಯದರ್ಶಿ ಓಡಿಬಂದರು.

"ಏನಮ್ಮ ಇದು?"

"ಹೊಸ ನಿಯಮ ಸಾರ್. ಒಣ ಕಸ ಎಲ್ಲರಿಗೂ ಕಾಣ್ಬೇಕು ಅಂದ್ರಲ್ಲ, ಇವತ್ತಿಂದ ಹಸಿ ಕಸವೂ ಕಾಣ್ಲಿ. ಬಕೆಟ್ಟು ನಾನು ಮುಟ್ಟಲ್ಲ. ಒಬ್ಬೊಬ್ಬರೇ ಕೆಳಗೆ ತಂದು, ತಮ್ಮ ಕೈಯಾರೆ ಇದರ ಮೇಲೆ ಸುರೀಲಿ. ನಾಚಿಕೆಯಿಂದಲಾದ್ರೂ ಜನ ತಿದ್ಕೋತಾರೆ."

"ಎಷ್ಟು ದಿನ ಇದು?"

"ಸೂಜಿ ಯಾರದು ಅಂತ ಗೊತ್ತಾಗೋವರೆಗೂ."

ನೋಡಬೇಕಿತ್ತು ನೀವು! ಮೂವತ್ತೆರಡು ಬಾಗಿಲು ಒಂದೊಂದಾಗಿ ತೆರೆದವು, ಮೂವತ್ತೆರಡು ತಲೆ ಇಣುಕಿದವು, ಮೂವತ್ತೆರಡು ಬಕೆಟ್ಟು ಒಳಕ್ಕೆ ಸರಿದವು. ಎರಡನೇ ಮಹಡಿಯ ಚಾಕೊಲೇಟಿನವರಿಗೆ ಇದ್ದಕ್ಕಿದ್ದಂತೆ ಸೊಂಟ ನೋವು. ಚಮಚದ ಕಣ್ಣೀರಿನವಳು ಬಕೆಟ್ಟಿನ ಸಮೇತ ತವರುಮನೆಗೆ ಹೊರಟಳು. ಒಟ್ಟು ಇಳಿದು ಬಂದವರು ಮೊದಲ ಮಹಡಿಯ ಅಜ್ಜ ಒಬ್ಬರೇ. ನಿಂಬೆ ಸಿಪ್ಪೆ, ಟೀ ಪುಡಿ ಸುರಿದು, ಕೊನೆಗೆ ಉರುಳಿದ ಸಿಗರೇಟು ಪ್ಯಾಕನ್ನು ಚಪ್ಪಲಿಯಿಂದ ಮುಚ್ಚಿಕೊಂಡು, "ಸೊಸೆಗೆ ಹೇಳ್ಬೇಡಮ್ಮ" ಎಂದರು. ಹೇಳುವುದಿಲ್ಲ ಎಂದೆ. ಆ ಸೊಸೆಯ ಪ್ಯಾಕನ್ನು ನಾನು ಹೆಕ್ಕುವುದು ಬೇರೆ ದಿನ.

ಹನ್ನೊಂದರ ಹೊತ್ತಿಗೆ ಬಿಸಿಲೇರಿ, ನಾಲ್ಕೂ ಮಹಡಿ ತನ್ನದೇ ವಾಸನೆಯನ್ನು ತಾನೇ ಕುಡಿಯತೊಡಗಿತು. ಕಿಟಕಿಗಳು ಮುಚ್ಚಿದವು, ಮತ್ತೆ ತೆರೆದವು. ಮುಚ್ಚಿದರೆ ಒಳಗಿನ ನಾತ, ತೆರೆದರೆ ಪಕ್ಕದ ಮನೆಯದು. ಹನ್ನೊಂದು ವರ್ಷ ನಾವು ಹೊತ್ತುಕೊಂಡು ಹೋಗುತ್ತಿದ್ದದ್ದು ಏನೆಂದು ಅವರ ಮೂಗಿಗೆ ಮೊದಲ ಸಲ ಗೊತ್ತಾಯಿತು. ಇದಕ್ಕೆ ಪಾಠವೇ ಬೇಕಾಗಲಿಲ್ಲ.

ಹನ್ನೆರಡಕ್ಕೆ ನಾನು ಶೆಡ್ಡಿನಲ್ಲಿ ನೀರು ಕುಡಿಯುತ್ತಿದ್ದಾಗ ಹಿಂದಿನ ಮೆಟ್ಟಿಲಿಂದ ಪಾಠದಮ್ಮ ಇಳಿದು ಬಂದರು. ಸೆರಗಿನ ಮರೆಯಲ್ಲಿ ಬಿಳಿ ಮುಚ್ಚಳದ ಒಂದು ಗಟ್ಟಿ ಬಾಟಲಿ. ಒಳಗೆ ಮುಕ್ಕಾಲು ಭಾಗ ಸೂಜಿ.

"ಮೊದಮೊದಲು ಇದರಲ್ಲೇ ಹಾಕಿಡ್ತಿದ್ದೆ. ಕೊಡೋದಕ್ಕೆ ಧೈರ್ಯ ಬರಲಿಲ್ಲ" ಎಂದರು. ತರಗತಿಯ ದನಿ ಎಲ್ಲೋ ಬಿಟ್ಟು ಬಂದಿದ್ದರು. "ಕಾಯಿಲೆ ಹೋಯ್ತು ಅಂತ ಎಲ್ಲರ ಮುಂದೆ ಹೇಳ್ಬಿಟ್ಟಿದ್ದೆ. ಒಂದೇ ವರ್ಷಕ್ಕೆ ತಿರುಗಿ ಬಂತು. ಆಮೇಲೆ ಹೇಗೆ ಹೇಳೋದು? ಅಷ್ಟರಲ್ಲಿ ಒಣ ಕಸ ಕಾಣೋ ಹಾಗೆ ತೂಗುಹಾಕ್ಬೇಕು ಅಂತ ನಿಯಮ ಬೇರೆ."

"ಆ ನಿಯಮ ಮಾಡಿದ್ದು ಯಾರು ಮೇಡಂ?"

ಅವರು ಬಾಟಲಿಯ ಮೇಲೆ ಮತ್ತೆ ಸೆರಗು ಎಳೆದುಕೊಂಡರು. ನಾನೂ ಬಿಡಲಿಲ್ಲ. "ನಿಮ್ಮ ಮರ್ಯಾದೆ ಉಳಿಸೋದಕ್ಕೆ ನಮ್ಮ ಹುಡುಗಿ ಬೆರಳು ಬೇಕಾಯ್ತಾ? ನೀವು ಹೆಚ್ಚಿದ ಸಿಪ್ಪೇನ ಪ್ರೀತಿಯಿಂದ ಕೈಯಲ್ಲಿ ಹರಡ್ತಾ ಇದ್ಲು ಅವಳು. ಎಷ್ಟು ನೀಟು ನೋಡಿ ಅತ್ತಿಗೆ ಅಂತಿದ್ಲು ದಿನಾ." ಹೇಳುತ್ತಾ ನನಗೇ ಅಳು ಬಂದುಬಿಟ್ಟಿತು. ಅವರೂ ಅತ್ತರು. ಇಬ್ಬರೂ ಗೊಬ್ಬರದ ಗುಂಡಿಯ ಪಕ್ಕ ನಿಂತು ಮೂಗೊರೆಸಿಕೊಂಡು ಆಸ್ಪತ್ರೆಗೆ ಹೊರಟೆವು.

ಅವರು ರಕ್ತ ಕೊಟ್ಟರು. ಗುರುವಾರ ಬೆಳಿಗ್ಗೆ ಡಾಕ್ಟರಮ್ಮ ಕಾಗದ ನೋಡಿ, "ಏನೂ ಇಲ್ಲ. ಸಕ್ಕರೆ ಬಿಟ್ರೆ ಮತ್ತೇನೂ ಇಲ್ಲ. ಮಾತ್ರೆ ನಿಲ್ಲಿಸಿ. ಮಗೂಗೆ ಹಾಲು ಕೊಡಿ" ಎಂದರು. ಕೂಸನ್ನು ಎತ್ತಿಕೊಂಡೇ ಬಂದಿದ್ದ ಅತ್ತೆ ಅಲ್ಲಿಯೇ ನಾದಿನಿಯ ಮಡಿಲಿಗೆ ಹಾಕಿದರು. ಕೂಸು ಕಚ್ಚಿಕೊಂಡ ರಭಸಕ್ಕೆ ಅವಳು ಅಯ್ಯೋ ಎಂದಳು. ಬೆಂಚಿನ ಆ ತುದಿಯಲ್ಲಿ ಗೋಡೆ ನೋಡುತ್ತಾ ಕೂತಿದ್ದ ಪಾಠದಮ್ಮ ತಡೆಯಲಾರದೆ ತಿರುಗಿದರು.

"ತಲೆ ಸ್ವಲ್ಪ ಮೇಲಕ್ಕೆ ಹಿಡ್ಕೊ. ಕತ್ತು ಬಾಗಬಾರದು."

ಮೂರು ದಿನದಲ್ಲಿ ನಾದಿನಿ ನಕ್ಕದ್ದು ಆಗಲೇ.

ಬರುವಾಗ ಪಾಠದಮ್ಮ ನನ್ನ ಪಕ್ಕ ನಡೆಯುತ್ತಾ, "ಕಟ್ಟಡದಲ್ಲಿ ಯಾರಿಗೂ..." ಎಂದು ನಿಲ್ಲಿಸಿದರು.

"ನಾನಾಗಿ ಹೇಳಲ್ಲ ಮೇಡಂ. ನಿಮ್ಮ ಬಕೆಟ್ಟು ನೀವೇ ಸುರೀಬೇಕು" ಎಂದೆ. ಅಂಗಳದ ಹೊದಿಕೆಯನ್ನು ಮಡಿಸಿಟ್ಟೆ. ಕಟ್ಟಡ ನಿಟ್ಟುಸಿರು ಬಿಟ್ಟಿತು.

ಭಾನುವಾರ ಮೂವರು ತೀರ್ಪುಗಾರರು ಬಂದರು. ಕಪಾಟಿನ ಬೀಗ ತೆರೆದು ನಮಗೆ ಕೈಗವಸು ಕೊಟ್ಟರು. ನಾದಿನಿಯ ಕಟ್ಟಿದ ಬೆರಳು ಅದರೊಳಗೆ ಹೋಗಲಿಲ್ಲ. "ನೀನು ಹಿಂದೆ ನಿಂತ್ಕೋ" ಎಂದರು ಕಾರ್ಯದರ್ಶಿ. ಮೇಜಿನ ಮೇಲೆ ಮಾದರಿ ಕಸ ಜೋಡಿಸಿದ್ದರು, ನಿಜವಾದ ಕಸ ನೋಡಿದರೆ ಬಂದವರಿಗೆ ಬೇಜಾರಾಗಬಾರದಲ್ಲ. ತೀರ್ಪುಗಾರರಲ್ಲಿ ಹಿರಿಯರೊಬ್ಬರು ಕೆಂಪು ಗುರುತಿನ ಬಾಟಲಿ ಎತ್ತಿ ಅಲ್ಲಾಡಿಸಿದರು.

"ಇದು ಖಾಲಿ ಇದೆಯಲ್ಲ. ಇಷ್ಟು ಮನೆಯಲ್ಲಿ ಇಂಜೆಕ್ಷನ್ ತಗೊಳ್ಳೋರು ಒಬ್ಬರೂ ಇಲ್ವಾ?"

"ಒಬ್ಬರೂ ಇಲ್ಲ ಸಾರ್. ಎಲ್ಲ ಆರೋಗ್ಯವಂತರು. ನಮ್ಮ ಮೇಡಂ ಅವರ ಮಾರ್ಗದರ್ಶನ" ಎಂದು ಕಾರ್ಯದರ್ಶಿ ಪಾಠದಮ್ಮನ ಕಡೆ ಕೈ ತೋರಿಸಿದರು. ಚಪ್ಪಾಳೆ ಬಿತ್ತು.

ಪಾಠದಮ್ಮ ಹಿಂದೆ ನಿಂತಿದ್ದ ನಾದಿನಿಯ ಬೆರಳು ನೋಡಿದರು. ಚಪ್ಪಾಳೆ ಮುಗಿಯುವ ಮೊದಲೇ ಎದ್ದು ಹೋದರು. ಮೂರು ಮಹಡಿ ಹತ್ತಿ, ಮೂರು ಮಹಡಿ ಇಳಿದು, ಏದುಸಿರು ಬಿಡುತ್ತಾ ಬಂದು ಆ ಖಾಲಿ ಬಾಟಲಿಯ ಪಕ್ಕ ತಮ್ಮದನ್ನಿಟ್ಟರು. "ಇದು ನನ್ನದು. ದಿನಕ್ಕೆ ಎರಡು. ಆ ಹುಡುಗಿ ಬೆರಳಿಗೆ ಚುಚ್ಚಿದ್ದೂ ನನ್ನದೇ. ಹಸಿ ಕಸದಲ್ಲಿ ಬಚ್ಚಿಟ್ಟು ಹಾಕಿದ್ದೆ" ಎಂದರು.

"ಮೇಡಂಗೆ ತಮಾಷೆ ಜಾಸ್ತಿ" ಎಂದರು ಕಾರ್ಯದರ್ಶಿ. ಯಾರೂ ನಗಲಿಲ್ಲ. ನನಗೆ ಆ ಕ್ಷಣ ಪಾಠದಮ್ಮನ ಮೇಲಿದ್ದ ಸಿಟ್ಟೆಲ್ಲ ಇಳಿದುಹೋಯಿತು, ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಬಹುಮಾನ ಬೇರೆ ಕಟ್ಟಡಕ್ಕೆ ಹೋಯಿತು. ಇಡೀ ಸಂಜೆ ಪಾಠದಮ್ಮನ ಜೊತೆ ಯಾರೂ ಮಾತಾಡಲಿಲ್ಲ. ಮರ್ಯಾದೆ ತೆಗೆದರು ಎಂದು ಮೆಟ್ಟಿಲ ಮೇಲೆಲ್ಲ ಪಿಸುಪಿಸು.

ಸೋಮವಾರ ಏಳಕ್ಕೆ ನಾವು ಶೆಡ್ಡಿನ ಬಾಗಿಲು ತೆರೆಯಲು ಹೋದಾಗ ಗೋಡೆಯ ಬುಡದಲ್ಲಿ ಸಾಲಾಗಿ ಒಂಬತ್ತು ಬಾಟಲಿ ನಿಂತಿದ್ದವು. ಎಲ್ಲದರ ಮೇಲೂ ಕೆಂಪು ಗುರುತು, ಮನೆ ನಂಬರು ಒಂದರ ಮೇಲೂ ಇಲ್ಲ. ನಾದಿನಿ ಬಗ್ಗಿ ಒಂದೊಂದನ್ನೇ ನೋಡುತ್ತಾ ಹೋಗಿ ಕೊನೆಯದರ ಹತ್ತಿರ ನಿಂತಳು. ಅದಕ್ಕೊಂದು ಚೀಟಿ ಅಂಟಿಸಿತ್ತು. ಫಲಕದ ಸೂಚನೆಯಲ್ಲಿ ನೋಡಿದ್ದ ಅದೇ ಗುಂಡುಗುಂಡು ಅಕ್ಷರ: 'ಇದು ನಮ್ಮ ಮನೆಗೆ ಬಂದಿದ್ದ ನೆಂಟರದು.'

ಅವಳು ಬಾಟಲಿಯನ್ನು ಬೆಳಕಿಗೆ ಹಿಡಿದಳು. ಕುತ್ತಿಗೆಯವರೆಗೂ ಸೂಜಿ.

"ಪಾಪ, ಅತ್ತಿಗೆ" ಎಂದಳು, "ನೆಂಟರು ಬಂದು ನಾಲ್ಕೈದು ವರ್ಷ ಆಗಿರ್ಬೇಕು, ಇನ್ನೂ ಹೋಗಿಲ್ಲ."